ಅಗಸಿಹಾಳದ ಮೇಲೆ ಹೆಣೆದ ಜಡೆ

ಕೆಂಭಾವಿ
3 ಜೂನ್ 2024

ದಾನೇಶ್ವರಿಗೆ,

ನಿನ್ನ ಆಯಿ ಬಸವೇಶ್ವರಿ ಬರೆಯುವುದು. ಮನೆಯಲ್ಲಿ ಎಲ್ಲರೂ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದಾರೆ, ಮಲಗುತ್ತಿದ್ದಾರೆ. ಅದಕ್ಕಿಂತ ಹೆಚ್ಚಿನ ಕ್ಷೇಮ ಸಮಾಚಾರ ನನ್ನ ಹತ್ತಿರ ಇಲ್ಲ.

ನಿನ್ನ ಅವ್ವ ಭಾಗಮ್ಮ ದಿನಾ ಫೋನ್ ತಂದು ನನ್ನ ಕಿವಿಗೆ ಒತ್ತುತ್ತಾಳೆ. ಅದರೊಳಗೆ ನೀನು ಅಳುತ್ತೀಯೋ ನಗುತ್ತೀಯೋ ನನಗೆ ತಿಳಿಯುವುದಿಲ್ಲ. ಕಿವಿ ಹೋಗಿವೆ, ಹೋಗಲಿ. ಕಣ್ಣು ಇವೆ, ಎದುರಿಗೆ ನಿಂತು ಗಟ್ಟಿಯಾಗಿ ಹೇಳಿದರೆ ತುಟಿ ನೋಡಿ ತಿಳಿಯುತ್ತೇನೆ. ಕೈ ಇದೆ. ಸುರಪುರದ ಶಾಲೆಯಲ್ಲಿ ಮೆಟ್ರಿಕ್ ತನಕ ಓದಿದವಳು ನಾನು. ನಮ್ಮ ಓಣಿಯಲ್ಲಿ ಆಗ ಇನ್ನೊಬ್ಬ ಹೆಣ್ಣುಮಗಳು ಓದಿರಲಿಲ್ಲ. ನನ್ನ ಹತ್ತಿರ ಮಾತಾಡುವುದಿದ್ದರೆ ಕಾಗದ ಬರೆ.

ಈಗ ಕೆಲಸದ ಮಾತು. ಪಡಸಾಲೆ ಹೊಸದಾಗಿ ಕಟ್ಟಿಸಿದ್ದೇನೆ. ಬಾಗಿಲಿನ ಎದುರಿನ ಗೋಡೆ ಖಾಲಿ ಇದೆ. ಭಾಗಮ್ಮ ಅಲ್ಲಿ ಗಡಿಯಾರ ಹಾಕೋಣ ಅಂದಳು. "ಯಾಕ, ಬೀಗರು ಬಂದ ಕೂಡ್ಲೆ ಎದ್ದು ಹೋಗಲಿ ಅಂತನಾ?" ಅಂದೆ.

ಆ ಗೋಡೆಗೆ ಒಂದು ನಕ್ಷೆ ಬೇಕು. ಈ ಮನೆಯ ಹೆಣ್ಣುಮಕ್ಕಳನ್ನು ಯಾವ ಯಾವ ಊರಿಗೆ ಕೊಟ್ಟಿದ್ದೇವೆ, ಸೊಸೆಯರನ್ನು ಎಲ್ಲಿಂದ ತಂದಿದ್ದೇವೆ, ಎಲ್ಲ ಅದರಲ್ಲಿ ಕಾಣಬೇಕು. ಒಬ್ಬೊಬ್ಬಳಿಗೆ ಒಂದೊಂದು ಗೆರೆ. ಶಹಾಪುರ, ಸುರಪುರ, ಹುಣಸಗಿ, ತಾಳಿಕೋಟಿ, ಸಿಂದಗಿ, ಎಲ್ಲಿ ಹೋದರೂ ನಮ್ಮ ಮನೆಯ ಹೆಣ್ಣುಮಗಳೊಬ್ಬಳು ರೊಟ್ಟಿ ಬಡಿಯುತ್ತಿದ್ದಾಳೆ ಎಂಬುದು ನೋಡಿದವರಿಗೆ ಗೊತ್ತಾಗಬೇಕು. ನೀರಿನ ಪೈಪಿನ ನಕ್ಷೆ ಬರೆಯುವ ಆಫೀಸಿನಲ್ಲಿ ಕೆಲಸ ಮಾಡುತ್ತೀ. ಪೈಪಿಗೆ ಬರೆಯುವವಳು ಮನುಷ್ಯರಿಗೂ ಬರೆ.

ಹೆಸರುಗಳನ್ನು ಜೊತೆಯಲ್ಲಿ ಇಟ್ಟಿದ್ದೇನೆ. ಯಾರನ್ನೂ ಬಿಟ್ಟಿಲ್ಲ. ಬೇರೆ ಯಾರನ್ನೂ ಕೇಳಲು ಹೋಗಬೇಡ.

ಮದುವೆಯಾದ ಮೇಲೆ ನಿನಗೆ ಇದು ಮೊದಲ ನಾಗರ ಪಂಚಮಿ. ತವರಿಗೆ ಬರಲೇಬೇಕು. ಅದಕ್ಕೂ ಮೊದಲು ನಕ್ಷೆ ಬರಲಿ.

ಬಸವೇಶ್ವರಿ


ಯಾದಗಿರಿ
19 ಜೂನ್ 2024

ಪ್ರೀತಿಯ ಆಯಿ,

ಕಾಗದ ಬಂತು. ನಮ್ಮ ಅತ್ತೆಯವರು ಪೋಸ್ಟಿನವನ ಕೈಯಿಂದ ಇಸಿದುಕೊಂಡು, "ಈಗಿನ ಕಾಲದಾಗ ಕಾಗದ ಯಾರ್ ಬರೀತಾರಬೇ, ಕೋರ್ಟಿಂದು ಏನರ ಬಂದೈತೇನು?" ಎಂದು ಗಾಬರಿಯಾಗಿದ್ದರು.

ನೀವು ಹೇಳಿದ ಹಾಗೆ ಒಬ್ಬೊಬ್ಬರಿಗೆ ಒಂದು ಗೆರೆ ಎಳೆದೆ. ಎಳೆದು ಮುಗಿಸಿ ನೋಡಿದರೆ ನಕ್ಷೆಯೇ ಇಲ್ಲ ಆಯಿ. ಬೆಕ್ಕು ಹಿಂಜಿದ ನೂಲಿನ ಉಂಡೆಯ ಹಾಗಿದೆ. ಕೆಂಭಾವಿಯಿಂದ ಹೊರಟ ಗೆರೆಗಳು ಒಂದನ್ನೊಂದು ಕತ್ತರಿಸುತ್ತವೆ, ಊರಿನ ಹೆಸರುಗಳ ಮೇಲೆ ಹತ್ತುತ್ತವೆ. ಸುರಪುರದ ಹೆಸರು ಪೂರ್ತಿ ಮುಚ್ಚಿಹೋಗಿದೆ.

ಆಫೀಸಿನಲ್ಲಿ ಇಂಥದ್ದಕ್ಕೆ ಒಂದು ಉಪಾಯ ಮಾಡುತ್ತೇವೆ. ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ಹೋಗುವ ಗೆರೆಗಳನ್ನು ಸ್ವಲ್ಪ ಬಾಗಿಸಿ ಒಟ್ಟಿಗೆ ತರುತ್ತೇವೆ. ಜಡೆ ಹೆಣೆದ ಹಾಗೆ ಅಷ್ಟು ದೂರ ಕೂಡಿಯೇ ಹೋಗುತ್ತವೆ, ಊರು ಹತ್ತಿರ ಬಂದಾಗ ಎಳೆ ಬಿಡಿಸಿಕೊಂಡು ತಮ್ಮ ತಮ್ಮ ಊರು ಸೇರುತ್ತವೆ. ನಡುವಿನ ಗೊಂದಲವೆಲ್ಲ ಹೋಗಿ ಕಣ್ಣಿಗೆ ತಂಪಾಗುತ್ತದೆ. ಹಾಗೆ ಮಾಡಲೇ?

ನಿಮ್ಮ ದಾನಿ


ಕೆಂಭಾವಿ
26 ಜೂನ್ 2024

ದಾನೇಶ್ವರಿಗೆ,

ಜಡೆ ಎಂದರೆ ಏನೆಂದು ನನಗೆ ಹೇಳಿಕೊಡಬೇಡ. ನಿನ್ನ ಜಡೆ ಹಾಕಿದವಳು ನಾನು.

ಜಡೆ ಹೆಣೆದಾಗ ಮೂರು ಎಳೆ ಒಳಗೆ ಹೋಗುತ್ತವೆ. ತುದಿಯಲ್ಲಿ ಬಿಚ್ಚಿ ನೋಡಿದರೆ ಎಡಗಡೆಯಿಂದ ಬಂದದ್ದು ಯಾವುದು, ಬಲಗಡೆಯಿಂದ ಬಂದದ್ದು ಯಾವುದು ಎಂದು ಗುರುತು ಸಿಗುತ್ತದೆಯೇ? ಹುಣಸಗಿಗೆ ಕೊಟ್ಟ ನಿನ್ನ ಸೋದರತ್ತೆ ರೇಣಮ್ಮ ಜಡೆಯೊಳಗೆ ಹೋಗಿ ತಾಳಿಕೋಟಿಯಲ್ಲಿ ಹೊರಬಂದರೆ ನಾನು ಯಾರ ಮನೆಗೆ ಉಡಿಯಕ್ಕಿ ಕಳಿಸಲಿ? ಇದಕ್ಕೆ ಉತ್ತರ ಬರೆ, ಆಮೇಲೆ ಹೆಣೆ.

ಬಳೆಗಾರ್ತಿ ಮಕ್ತುಂಬಿ ಬಂದಿದ್ದಳು. ನಿನ್ನ ಕಾಗದ ಓದಿ ಹೇಳಿದೆ. "ಗೌಡ್ತಿ, ಹಾದಿಗಿ ಜಡಿ ಹಾಕ್ತಾಳಂತ ನಿಮ್ಮ ಮೊಮ್ಮಗಳು! ಹೂವಾನೂ ಮುಡಸ್ತಾಳೇನು?" ಎಂದು ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ಅವಳು ನಕ್ಕದ್ದು ನನಗೆ ಸೇರಲಿಲ್ಲ.

ಬಸವೇಶ್ವರಿ


ಯಾದಗಿರಿ
14 ಜುಲೈ 2024

ಪ್ರೀತಿಯ ಆಯಿ,

ನಕ್ಷೆ ಕಳಿಸಿದ್ದೇನೆ, ಕೊಳವೆಯೊಳಗೆ ಸುರುಳಿ ಸುತ್ತಿದೆ. ಜೋಪಾನವಾಗಿ ಬಿಚ್ಚಿರಿ.

ನಿಮ್ಮ ಪ್ರಶ್ನೆ ಸರಿಯಾದದ್ದೇ. ಜಡೆ ಹೆಣೆದ ನಕ್ಷೆಯಲ್ಲಿ ಕಳೆದುಹೋಗುವುದು ಅದೊಂದೇ. ಒಳಗೆ ಹೋದ ಗೆರೆ ಯಾವುದಾಗಿ ಹೊರಗೆ ಬಂತು ಎಂದು ನೋಡುವವರಿಗೆ ಹೇಳಲಾಗುವುದಿಲ್ಲ. ಆದರೆ ಯಾರನ್ನು ಎಲ್ಲಿಗೆ ಕೊಟ್ಟಿದ್ದೇವೆಂದು ನಿಮಗೆ ಬಾಯಿಪಾಠ ಇದೆಯಲ್ಲ. ನೋಡುವವರಿಗೆ ಮನೆತನದ ದೊಡ್ಡಸ್ತಿಕೆ ಕಂಡರೆ ಸಾಕು.

ಜಡೆಯ ಗಂಟನ್ನು ಎಲ್ಲಿ ಇಡುವುದು ಎಂದು ಬಹಳ ಯೋಚಿಸಿದೆ. ಯಾವುದಾದರೂ ಊರಿನ ಮೇಲೆ ಇಟ್ಟರೆ ಆ ಊರಿನ ಹೆಸರು ಮುಚ್ಚುತ್ತದೆ, ಆ ಊರಿನ ಬೀಗರು ಮುನಿಸಿಕೊಳ್ಳುತ್ತಾರೆ. ಸರ್ಕಾರದ ಗ್ರಾಮಗಳ ಪಟ್ಟಿ ತೆಗೆದು ಹುಡುಕಿದಾಗ ಕೆಂಭಾವಿಗೂ ಹುಣಸಗಿಗೂ ನಡುವೆ ಒಳ್ಳೆಯ ಜಾಗ ಸಿಕ್ಕಿತು. ಅಗಸಿಹಾಳ ಬೇಚರಾಕ್ ಎಂದು ಹೆಸರು. ಜನಸಂಖ್ಯೆ ಸೊನ್ನೆ. ಅಲ್ಲಿ ಮುನಿಸಿಕೊಳ್ಳುವವರು ಯಾರೂ ಇಲ್ಲ. ಎಲ್ಲರ ಗೆರೆಗಳನ್ನೂ ಅಲ್ಲಿಗೇ ಎಳೆದು ಗಂಟು ಹಾಕಿದ್ದೇನೆ. ಯಾದಗಿರಿಗೆ ಬರುವ ನನ್ನ ಗೆರೆಯೂ ಅಲ್ಲೇ ಹಾಯ್ದು ಬರುತ್ತದೆ. ದಾರಿ ಸುತ್ತಾಯಿತು ಎಂದು ಬೈಯಬೇಡಿ. ಅದು ರಸ್ತೆಯಲ್ಲ, ಸಂಬಂಧದ ಗೆರೆ. ಹೇಗೆ ಬಾಗಿದರೂ ನಡೆಯುತ್ತದೆ.

ಪಂಚಮಿಗೆ ಖಂಡಿತ ಬರುತ್ತೇನೆ. ಒಂದು ಸುದ್ದಿಯೂ ಇದೆ, ಎದುರಿಗೇ ಹೇಳುತ್ತೇನೆ.

ನಿಮ್ಮ ದಾನಿ


ಕೆಂಭಾವಿ
22 ಜುಲೈ 2024

ದಾನೇಶ್ವರಿಗೆ,

ನಕ್ಷೆ ಬಂತು. ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿಸಿದೆ. ದೂರದಿಂದ ಚೆಂದ ಕಂಡಿತು, ಸುಳ್ಳು ಹೇಳುವುದಿಲ್ಲ. ಮಂದಿ ಬಂದು ನೋಡಿ ಹೊಗಳಿದರು. ಅವರೆಲ್ಲ ಹೋದ ಮೇಲೆ ಕನ್ನಡಕ ಹಾಕಿಕೊಂಡು ಹತ್ತಿರ ಹೋದೆ, ನಿನ್ನ ಕಾಗದವನ್ನೂ ಇನ್ನೊಮ್ಮೆ ಓದಿದೆ.

ಬೇಚರಾಕ್ ಎಂಬುದು ಊರಿನ ಹೆಸರಿನ ತುಂಡು ಎಂದು ತಿಳಿದೆಯಾ? ನಿನ್ನ ಆಫೀಸಿನವರಿಗೂ ಗೊತ್ತಿಲ್ಲವೇ? ಅದು ನಿಜಾಮನ ಕಾಲದ ದಫ್ತರದ ಮಾತು, ಬೇಚಿರಾಗ್. ನಮ್ಮಪ್ಪ ಉರ್ದು ಬಲ್ಲವರು, ಹೇಳಿಕೊಟ್ಟಿದ್ದರು. ಚಿರಾಗ್ ಎಂದರೆ ದೀಪ. ಒಂದು ಮನೆಯಲ್ಲೂ ದೀಪ ಹಚ್ಚುವವರು ಇಲ್ಲದ ಊರು ಬೇಚಿರಾಗ್. ಬರೆದವರ ಕೈಯಲ್ಲಿ ಅದು ಸವೆದು ಬೇಚರಾಕ್ ಆಗಿದೆ.

ಹೆಣ್ಣುಮಗಳನ್ನು ಗಂಡನ ಮನೆಗೆ ಕಳಿಸುವಾಗ ಬಂಡಿಯನ್ನು ಇಂಥ ಊರಿನೊಳಗೆ ಹಾಯಿಸುತ್ತಿರಲಿಲ್ಲ. ಎಷ್ಟು ಸುತ್ತಾದರೂ ಸರಿ, ದೀಪ ಇರುವ ಊರುಗಳ ಮೇಲೆಯೇ ಹೋಗಬೇಕು. ನೀನು ಐದು ತಲೆಮಾರಿನ ಹೆಣ್ಣುಮಕ್ಕಳನ್ನು ಒಟ್ಟಿಗೆ ಕಟ್ಟಿ ಅಲ್ಲಿ ಹಾಯಿಸಿದ್ದೀ. ಖಾಲಿ ಇದೆ ಅಂತ.

ಅಗಸಿಹಾಳ ಪೂರ್ತಿ ಖಾಲಿಯಲ್ಲ. ಈ ಮನೆಯ ಒಬ್ಬ ಹೆಣ್ಣುಮಗಳನ್ನು ಅಲ್ಲಿಗೆ ಕೊಟ್ಟಿದ್ದರು. ನಿನ್ನ ಅಜ್ಜನ ಸೋದರತ್ತೆ, ನಿಂಬೆವ್ವ. ವಾಂತಿಭೇದಿ ಬಂದು ಊರವರೆಲ್ಲ ಗಂಟುಮೂಟೆ ಕಟ್ಟಿದರು. ಅವಳು ತುಂಬಿದ ಬಸುರಿ. "ನಾ ಎಲ್ಲೂ ಬರಾಂಗಿಲ್ಲ, ನಮ್ಮ ತವರಿನವರು ಕರಿಯಾಕ ಬರ್ತಾರ" ಎಂದು ಹೊಸ್ತಿಲ ಮೇಲೆ ಕುಳಿತಳಂತೆ. ಬೇನೆಯ ಊರಿಗೆ ಈ ಮನೆಯಿಂದ ಯಾರೂ ಹೋಗಲಿಲ್ಲ. ನನ್ನ ಅತ್ತೆ ಇಷ್ಟನ್ನೇ ಹೇಳಿದ್ದು. ಮುಂದಿನದು ಅವರಿಗೂ ಗೊತ್ತಿರಲಿಲ್ಲ.

ಅವಳ ಹೆಸರನ್ನು ನಾನು ಕೊಡಲಿಲ್ಲ. ಇನ್ನೊಮ್ಮೆ ಕೇಳಿದರೂ ಕೊಡುವುದಿಲ್ಲ. ದೀಪವಿಲ್ಲದ ಕಡೆಗೆ ಹೋದ ಗೆರೆಯನ್ನು ಗೋಡೆಯ ಮೇಲೆ ಹಾಕುವುದಿಲ್ಲ.

ನಿನ್ನ ಗೆರೆಯನ್ನು ಮೊದಲು ಆ ಗಂಟಿನಿಂದ ಬಿಡಿಸು. ಉಳಿದದ್ದು ಗೊಂದಲವಾದರೂ ಚಿಂತೆಯಿಲ್ಲ, ಹೆಸರು ಮುಚ್ಚಿದರೂ ಚಿಂತೆಯಿಲ್ಲ. ಪಂಚಮಿಗೆ ಬರುವಾಗ ಹೊಸ ನಕ್ಷೆ ತಾ.

ಬಸವೇಶ್ವರಿ


ಕೆಂಭಾವಿ
10 ಆಗಸ್ಟ್ 2024

ದಾನೇಶ್ವರಿಗೆ,

ನೀನು ಬರಲಿಲ್ಲ.

ಜೋಕಾಲಿ ಕಟ್ಟಿಸಿದ್ದೆ. ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳಿಟ್ಟು ಎಲ್ಲ ಮಾಡಿಸಿದ್ದೆ. ನಾಗಪ್ಪನಿಗೆ ಹಾಲೆರೆಯುವಾಗ ನಿನ್ನ ಹೆಸರಿನಲ್ಲಿ ನಿನ್ನ ಅವ್ವ ಎರೆದಳು. ನಿನ್ನ ಗಂಡ ನಿನ್ನನ್ನು ಬಸ್ಸಿಗೆ ಹತ್ತಿಸಿದ್ದೇನೆ ಎಂದು ಭಾಗಮ್ಮನಿಗೆ ಹೇಳಿದನಂತೆ. ಆಮೇಲೆ ನಿನ್ನ ಫೋನು ಹತ್ತಲಿಲ್ಲ. ಇವತ್ತು ಮುಂಜಾನೆ ನೀನು ಯಾದಗಿರಿ ಮುಟ್ಟಿದ್ದೀ ಎಂದು ಸುದ್ದಿ ಬಂತು. ಭಾಗಮ್ಮ ಫೋನಿನಲ್ಲಿ ನಿನ್ನ ಜೊತೆ ಏನೋ ಜಗಳ ಮಾಡುತ್ತಿದ್ದಳು. ಏನೆಂದು ಕೇಳಿದರೆ ನನ್ನ ಮುಖ ನೋಡಿ ಅತ್ತಳು. ಎಲ್ಲಿಗೆ ಹೋಗಿದ್ದೆ? ನೀನೇ ಬರೆ.

ರೇಣಮ್ಮ ತಡಮಾಡಿ ಬಂದಳು. ಹುಣಸಗಿಯಿಂದ ಗಂಡನ ಗಾಡಿಯ ಮೇಲೆ ಬರುವಾಗ ಕಾಲುವೆಯ ಪಕ್ಕದಲ್ಲಿ ಒಬ್ಬ ಮುದುಕಿ ಕೈ ಅಡ್ಡ ಹಿಡಿದಳಂತೆ. "ಯಾರ ಮನಿ ಮಗಳವ್ವಾ?" ಎಂದು ಕೇಳಿದಳಂತೆ. ರೇಣಮ್ಮ ಈ ಮನೆಯ ಹೆಸರು ಹೇಳಿದಳು. "ಹಂಗಾರ ಇಳಿಯವ್ವ, ಮನಿ ಬಂತು" ಅಂದಳಂತೆ ಆಕೆ.

ನಮ್ಮ ರೇಣಿಯ ಬಾಯಿ ನಿನಗೆ ಗೊತ್ತಿದೆ. "ಏ ಮುದುಕಿ, ಕೆಂಭಾವಿ ಇನ್ನಾ ಎಲ್ಲೈತಿ, ನೀ ಎಲ್ಲಿ ಇಳಸಾಕತ್ತಿ? ಹಬ್ಬದ ಹೊತ್ತಿನ್ಯಾಗ ಕುಡದೀ ಏನು?" ಎಂದು ಬೈದಳಂತೆ. ಗಂಡ ಗಾಡಿ ನಿಲ್ಲಿಸದೆ ಬಂದ. ಬಂದವಳು ನಕ್ಷೆ ನೋಡಿ, "ಅವ್ವಾ, ಇದನ್ನ ತಗಸು" ಅಂದಳು.

ಬಸವೇಶ್ವರಿ


ಯಾದಗಿರಿ
13 ಆಗಸ್ಟ್ 2024

ಆಯಿ,

ಅವ್ವ ಹಾಗೇಕೆ ಹೇಳುತ್ತಾಳೋ, ನೀವು ಹೀಗೇಕೆ ಬರೆಯುತ್ತೀರೋ ನನಗೆ ತಿಳಿಯುತ್ತಿಲ್ಲ. ನಾನು ಬಂದಿದ್ದೆ. ಒಂದು ರಾತ್ರಿ ಇದ್ದು, ಮರುದಿನ ನಸುಕಿನಲ್ಲೇ ಯಾದಗಿರಿಗೆ ತಿರುಗಿದೆ.

ಶಹಾಪುರದಲ್ಲಿ ಇಳಿದಾಗ ಕೆಂಭಾವಿಯ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೊರಗೆ ಒಂದು ಟಂಟಂ ಗಾಡಿ ನಿಂತಿತ್ತು, ತುಂಬ ಹೆಂಗಸರು. "ಬಾ ಯವ್ವಾ, ಎಲ್ಲಾರೂ ತವರಿಗಿ ಹೊಂಟವ್ರ ಅದೀವಿ, ಸರದ ಕೊಡ್ತೀವಿ" ಎಂದು ಕೈ ಹಿಡಿದು ಹತ್ತಿಸಿಕೊಂಡರು. ದಾರಿಯುದ್ದಕ್ಕೂ ಪಂಚಮಿಯ ಹಾಡು ಹೇಳುತ್ತಿದ್ದರು. ನನಗೆ ಕಣ್ಣು ಹತ್ತಿತು. ಎಚ್ಚರವಾದಾಗ ಊರಬಾಗಿಲಿನ ಅಗಸಿಯ ಮುಂದೆ ನಿಂತಿತ್ತು.

ನೀವೇ ಹೊಸ್ತಿಲಲ್ಲಿ ಕುಳಿತಿದ್ದಿರಿ. "ಬಂದ್ಯಾ? ನೀ ಯಾರ ಎಳಿ?" ಎಂದು ಕೇಳಿದಿರಿ. ನಕ್ಷೆಯ ತಮಾಷೆ ಎಂದುಕೊಂಡು ನಕ್ಕೆ. ಕರೆಂಟು ಹೋಗಿತ್ತೋ ಏನೋ, ಇನ್ನೂ ಬಿಸಿಲಿರುವಾಗಲೇ ಗೂಡುಗೂಡಿನಲ್ಲೂ ಹಣತೆ ಇಟ್ಟಿದ್ದಿರಿ. ತಲೆಗೆ ಎಣ್ಣೆ ಹಚ್ಚಿದಿರಿ, ಜಡೆ ಹಾಕಿದಿರಿ, ಉಂಡಿ ಕೊಟ್ಟಿರಿ. ಬೆಲ್ಲ ಹಾಕುವುದು ಮರೆತಿದ್ದಿರೇನೋ, ಬಾಯಿಗೆ ರುಚಿ ಹತ್ತಲಿಲ್ಲ. ಅವ್ವ ಎಲ್ಲಿ ಎಂದರೆ ನಾಗಪ್ಪನ ಹುತ್ತಕ್ಕೆ ಹೋಗಿದ್ದಾಳೆ ಎಂದಿರಿ. ಪಡಸಾಲೆಯ ತುಂಬ ಹೆಂಗಸರಿದ್ದರು. ನಮ್ಮ ಬಂಧುಗಳೇ ಇರಬೇಕು, ಮೂಗು ಹಣೆ ಎಲ್ಲ ನಮ್ಮವೇ. ಹೆಸರು ಕೇಳಿದರೆ ಯಾರೂ ಹೇಳಲಿಲ್ಲ.

ಹೊಸ ನಕ್ಷೆ ಮಾಡಲು ನನಗೆ ಬಿಡುವಾಗಿರಲಿಲ್ಲ, ಹಳೆಯದೇ ಎದುರಿನ ಗೋಡೆಯಲ್ಲಿತ್ತು. ಆದರೆ ಅದರ ಅಂಚುಗಳನ್ನು ಕಟ್ಟು ಹಾಕುವವನು ಕತ್ತರಿಸಿಬಿಟ್ಟಿದ್ದ. ಗೆರೆಗಳೆಲ್ಲ ಬಂದು ಒಂದೇ ಗಂಟಿನಲ್ಲಿ ನಿಲ್ಲುತ್ತಿದ್ದವು. ಅಲ್ಲಿಂದ ಹೊರಟು ಯಾವ ಊರಿಗೂ ಹೋಗುತ್ತಿರಲಿಲ್ಲ. ಊರುಗಳೇ ಇರಲಿಲ್ಲ.

ಸುದ್ದಿಯನ್ನು ಎಲ್ಲರೆದುರು ಹೇಳಲು ನಾಚಿಕೆಯಾಗಿ ಬಾಯೊಳಗೇ ಅಂದುಕೊಂಡ ಹಾಗೆ ಅಂದೆ. ನೀವು ಅಷ್ಟು ದೂರದಿಂದ ತಿರುಗಿ, "ಎಷ್ಟನೇ ತಿಂಗಳು?" ಅಂದಿರಿ.

ಇದನ್ನು ಬರೆಯುವಾಗ ನನ್ನ ಕೈ ನಿಂತಿತು ಆಯಿ. ನಿಮಗೆ ಅದು ಹೇಗೆ ಕೇಳಿಸಿತು?

ದಾನಿ


ಕೆಂಭಾವಿ
20 ಆಗಸ್ಟ್ 2024

ದಾನೇಶ್ವರಿಗೆ,

ಬಸುರಿ ಎಂಬ ಸುದ್ದಿಯನ್ನು ನನಗಿಂತ ಮೊದಲು ಬೇರೆ ಯಾರಿಗೋ ಹೇಳಿಬಿಟ್ಟೆ. ಈ ಸಿಟ್ಟನ್ನು ಆಮೇಲೆ ತೀರಿಸಿಕೊಳ್ಳುತ್ತೇನೆ.

ನೀನು ನೋಡಿದ್ದು ನನ್ನನ್ನಲ್ಲ. ನಾನು ಆ ದಿನ ಮಗ್ಗುಲಿನ ಮನೆಯವರು, ರೇಣಮ್ಮ, ನಿನ್ನ ಅವ್ವ, ಇಷ್ಟೆಲ್ಲ ಜನರ ಕಣ್ಣ ಮುಂದೆ ಬಾಗಿಲಲ್ಲಿ ಕುಳಿತು ನಿನ್ನ ದಾರಿ ನೋಡಿದ್ದೇನೆ. ಯಾದಗಿರಿಯಿಂದ ಶಹಾಪುರದ ಮೇಲೆ ಬರುವವಳು ಹುಣಸಗಿಯ ಕಡೆಗೆ ಹೋಗುವ ಮಾತೇ ಇಲ್ಲ. ನಿನ್ನ ನಕ್ಷೆಯಲ್ಲಿ ಮಾತ್ರ ಹಾಗೆ ಹೋಗಬಹುದು. ಜಡೆಯೊಳಗೆ ಹೋದವಳು ಬೇರೆ ತುದಿಯಲ್ಲಿ ಹೊರಬಂದೆ. ತಿರುಗಿ ಬಂದಿದ್ದೀಯಲ್ಲ, ಅದೇ ದೊಡ್ಡದು.

ಎಣ್ಣೆ ಹಚ್ಚಿಸಿಕೊಂಡೆ, ಆಗಿಹೋಯಿತು. ಉಂಡಿ ತಿಂದೆ, ಆಗಿಹೋಯಿತು. ಮಾತು ಕೊಟ್ಟಿದ್ದೀಯಾ? ಅದನ್ನು ನೀನು ಬರೆದಿಲ್ಲ. ಆಕೆ ತಿಂಗಳು ಕೇಳಿದಳು ಎಂದ ಮೇಲೆ ಮುಂದಿನ ಮಾತನ್ನೂ ಕೇಳಿಯೇ ಇರುತ್ತಾಳೆ. ಯಾವ ಮುದುಕಿಯಾದರೂ ಕೇಳುತ್ತಾಳೆ.

ನಕ್ಷೆಯನ್ನು ಇಳಿಸಿ ಒಲೆಗೆ ಹಾಕಿದೆ.

ಬಸವೇಶ್ವರಿ


ಯಾದಗಿರಿ
2 ಅಕ್ಟೋಬರ್ 2024

ಆಯಿ,

ಉತ್ತರ ಬರೆಯಲು ಧೈರ್ಯ ಸಾಲದೆ ಇಷ್ಟು ದಿನ ಸುಮ್ಮನಿದ್ದೆ.

ಹೌದು, ಮಾತು ಕೊಟ್ಟಿದ್ದೇನೆ. "ಚೊಚ್ಚಿಲ ಬಾಣಂತನ ತವರಾಗ ಆಗ್ಬೇಕು. ಕುಬಸ ಮಾಡಿ ಉಡಿ ತುಂಬಿ ಕರಕೊಂಡ್ ಬರಾಕ ಮಂದಿ ಕಳಸ್ತೀನಿ, ಬರ್ತಿ ಹೌದಲ್ಲೋ?" ಎಂದು ನೀವು ಕೇಳಿದಿರಿ. ನೀವಲ್ಲ, ಆಕೆ ಕೇಳಿದಳು. ಹೂಂ ಎಂದೆ. ತವರಿನವರು ಕೇಳಿದರೆ ಇನ್ನೇನು ಹೇಳುತ್ತಾರೆ?

ನನ್ನ ಗೆರೆಯನ್ನು ಗಂಟಿನಿಂದ ಬಿಡಿಸಿದೆ. ಯಾದಗಿರಿಯಿಂದ ಕೆಂಭಾವಿಗೆ ನೇರ, ಒಂಟಿ ಗೆರೆ. ಉಳಿದ ಊರುಗಳ ಹೆಸರಿನ ಮೇಲೆ ಹಾಯ್ದು ಅಸಹ್ಯವಾಗಿ ಕಾಣುತ್ತದೆ, ಕಾಣಲಿ. ಆದರೆ ಕಾಗದದ ಮೇಲೆ ಅಚ್ಚು ತೆಗೆದಾಗ ಜಡೆಯಿಂದಲೂ ಒಂದು ಎಳೆ ಬಿಚ್ಚಿಕೊಂಡು ಯಾದಗಿರಿಗೆ ಬರುತ್ತಿದೆ. ಅಳಿಸಿದೆ, ಮತ್ತೆ ತೆಗೆದೆ. ಮತ್ತೆ ಇತ್ತು. ಪಕ್ಕದ ಮೇಜಿನ ಸಂಘಮಿತ್ರಾಳನ್ನು ಕರೆದು ತೋರಿಸಿದೆ. ಅವಳು ನಗುತ್ತಾ, "ಮೇಡಂ, ನಿಮಗ ಎರಡು ತವರು ಅದಾವೇನ್ರಿ? ನಮಗ ಒಂದ ಇದ್ದದ್ದಕ್ಕ ಹೋಗಾಕ ರಜಾ ಸಿಗಾಂಗಿಲ್ಲ" ಅಂದಳು. ಹಾಗಾದರೆ ಅವಳಿಗೂ ಕಾಣಿಸಿತು.

ದಾನಿ


ಕೆಂಭಾವಿ
11 ಅಕ್ಟೋಬರ್ 2024

ದಾನೇಶ್ವರಿಗೆ,

ಕೇಳು. ನೀನು ಬಾಣಂತನಕ್ಕೆ ಇಲ್ಲಿಗೆ ಬರಬೇಡ. ಯಾದಗಿರಿಯಲ್ಲೇ ಹಡೆ. ಈ ಮನೆಯ ಹೆಣ್ಣುಮಗಳ ಚೊಚ್ಚಿಲ ಹೆರಿಗೆ ಗಂಡನ ಮನೆಯಲ್ಲಿ ಆದದ್ದಿಲ್ಲ. ಕೆಂಭಾವಿಯ ಮಂದಿ ಏನಾದರೂ ಅನ್ನಲಿ, ನಮ್ಮ ಬೀಗರು ನನ್ನನ್ನು ಕೈಲಾಗದವಳು ಅನ್ನಲಿ. ನಿನ್ನ ಅವ್ವನನ್ನು ಅಲ್ಲಿಗೇ ಕಳಿಸುತ್ತೇನೆ.

ನಿನ್ನನ್ನು ಕರೆಯಲು ಇಲ್ಲಿಂದ ಯಾರೂ ಬರುವುದಿಲ್ಲ. ಬಂದವರು ನಮ್ಮವರಲ್ಲ.

ಬಸವೇಶ್ವರಿ


ಯಾದಗಿರಿ
16 ಡಿಸೆಂಬರ್ 2024

ಆಯಿ,

ಬಂದಿದ್ದರು.

ನಾನು ಡಾಕ್ಟರ ಹತ್ತಿರ ಹೋಗಿದ್ದೆ. ಮನೆಗೆ ಬಂದಾಗ ಅತ್ತೆಯವರ ಮುಖ ಅರಳಿತ್ತು. "ನಿಮ್ಮ ತವರಿನವರು ಬುತ್ತಿ ಕಟ್ಟಿಕೊಂಡು ಬಂದಿದ್ರು ನೋಡವಾ. ಎಷ್ಟ ಮರ್ಯಾದಸ್ತ ಹೆಣಮಕ್ಕಳು! ಕುಬಸದ ಖಣ ಕೊಟ್ಟು ಹೋಗ್ಯಾರ. ಸಂಕ್ರಮಣ ಮುಗಿದ ಕೂಡ್ಲೆ ಕರಕೊಂಡ್ ಹೋಗ್ತೀವಿ ಅಂದ್ರು, ನಾ ಹೂಂ ಅಂದೆ." ನಾನು ಬೇಡವೆಂದರೆ ಅವರಿಗೆ ಅರ್ಥವಾಗುವುದಿಲ್ಲ. ತವರಿಗೆ ಹೋಗಲು ಹೆದರುವ ಬಸುರಿಯನ್ನು ಅವರು ಎಲ್ಲೂ ಕಂಡಿಲ್ಲ.

ಬುತ್ತಿಯ ರೊಟ್ಟಿಗಳು ಅವತ್ತೇ ತಂದದ್ದಾದರೂ ಮುಟ್ಟಿದರೆ ಬೂದಿಯ ಹಾಗೆ ಉದುರಿದವು. ಅತ್ತೆಯವರು ದಾರಿಯ ಬಿಸಿಲಿಗೆ ಒಣಗಿವೆ ಎಂದರು.

ಮಗು ಈಗ ಬಹಳ ಒದೆಯುತ್ತದೆ. ಅವರು ಬಂದುಹೋದ ದಿನ ಮಾತ್ರ ಒದೆಯಲಿಲ್ಲ. ನನಗೆ ಹೆದರಿಕೆಯಾಗುತ್ತಿದೆ ಆಯಿ. ಏನಾದರೂ ಮಾಡಿರಿ.

ದಾನಿ


ಕೆಂಭಾವಿ
29 ಡಿಸೆಂಬರ್ 2024

ದಾನೇಶ್ವರಿಗೆ,

ಅಗಸಿಹಾಳಕ್ಕೆ ಹೋಗಿ ಬಂದೆ. ಹಗಲಲ್ಲೇ ಹೋದೆ. ಮಕ್ತುಂಬಿಯನ್ನು ಜೊತೆಗೆ ಕರೆದುಕೊಂಡೆ. ದಾರಿಯುದ್ದಕ್ಕೂ ಅವಳು, "ಗೌಡ್ತಿ, ಸತ್ತವರಿಗಿ ಬಳಿ ಇಡಸಾಕ ನನ್ನ ಕರಕೊಂಡ್ ಹೊಂಟೀರೇನು? ರೊಕ್ಕ ಯಾರ್ ಕೊಡ್ತಾರ?" ಎಂದು ಗೊಣಗಿದಳಂತೆ. ನನಗೆ ಕೇಳಿಸಲಿಲ್ಲ, ತಿರುಗಿ ಬಂದ ಮೇಲೆ ಭಾಗಮ್ಮನ ಮುಂದೆ ಹೇಳಿದಳು. ಅಲ್ಲಿ ಮುಟ್ಟಿದ ಮೇಲೆ ನನ್ನ ಸೆರಗು ಹಿಡಿದುಕೊಂಡೇ ನಡೆದಳು.

ಅಗಸಿಯ ಒಂದು ಕಂಬ ನಿಂತಿದೆ. ಜಾಲಿ ಬೆಳೆದಿದೆ. ಗೋಡೆಗಳು ಮೊಣಕಾಲೆತ್ತರಕ್ಕೆ ಬಂದಿವೆ. ಒಂದೇ ಒಂದು ಮನೆಗೆ ಅರ್ಧ ಮಾಳಿಗೆ ಉಳಿದಿದೆ. ಅದರ ನೆಲವನ್ನು ಸೆಗಣಿ ಹಾಕಿ ಸಾರಿಸಿದ್ದರು. ಕೈಯಿಟ್ಟು ನೋಡಿದೆ, ಹಸಿ ಇತ್ತು. ಮೂಲೆಯಲ್ಲಿ ಬಾಣಂತಿಗೆ ಕಾಸುವ ಅಗ್ಗಿಷ್ಟಿಗೆ ಇಟ್ಟಿದ್ದರು. ತೊಲೆಯಿಂದ ಎರಡು ಹೊಸ ಹಗ್ಗ ಇಳಿಬಿದ್ದಿದ್ದವು, ತೊಟ್ಟಿಲು ಕಟ್ಟುವ ಎತ್ತರಕ್ಕೆ.

ಆಕೆಗೆ ಬೇಕಾದದ್ದು ನೀನಲ್ಲ, ನಿನ್ನ ಕೂಸೂ ಅಲ್ಲ. ತವರಿನಿಂದ ಕರೆಯಲು ಯಾರೂ ಬರಲಿಲ್ಲ. ಬರದಿದ್ದರೆ ತಾನೇ ತವರಾಗುತ್ತೇನೆಂದು ಕುಳಿತಿದ್ದಾಳೆ. ನೀನು ಗೆರೆಗಳನ್ನೆಲ್ಲ ತಂದು ಅವಳ ಅಂಗಳದಲ್ಲಿ ಕಟ್ಟಿದೆ. ಅವಳು ಹಿಡಿದುಕೊಂಡಳು.

ಹೆಣ್ಣುಮಕ್ಕಳನ್ನು ಕರೆಯುವುದು, ಕಳಿಸುವುದು ಮನೆಯ ಹಿರಿಯಳ ಕೆಲಸ. ಈಗ ಹಿರಿಯಳು ನಾನು. ಸಂಕ್ರಮಣದ ಮರುದಿನ ಬುತ್ತಿ, ಖಣ ತೆಗೆದುಕೊಂಡು ಹೋಗುತ್ತೇನೆ. ಬಾ ಎಂದು ಕರೆಯುತ್ತೇನೆ. ಬರುವುದಾದರೆ ಬರಲಿ. ಬರುವುದಿಲ್ಲ, ಈ ಮನೆಯ ಒಬ್ಬಳು ನನ್ನ ಹತ್ತಿರ ಇರಬೇಕು ಎಂದರೆ, ನಾನು ಅಲ್ಲೇ ಕುಳಿತುಕೊಳ್ಳುತ್ತೇನೆ. ನನ್ನನ್ನು ಬಿಟ್ಟು ಯಾದಗಿರಿಗೆ ಹೇಗೆ ಬರುತ್ತಾಳೋ ನೋಡುತ್ತೇನೆ. ಅವಳ ಹಟ ಎಷ್ಟು, ನನ್ನ ಹಟ ಎಷ್ಟು ಅಲ್ಲೇ ತೀರ್ಮಾನವಾಗಲಿ.

ಅಳುತ್ತ ಕಾಗದ ಬರೆಯಬೇಡ. ಅಕ್ಷರ ಒದ್ದೆಯಾದರೆ ಓದಲು ಬರುವುದಿಲ್ಲ.

ಬಸವೇಶ್ವರಿ


ಯಾದಗಿರಿ
20 ಫೆಬ್ರುವರಿ 2025

ಆಯಿ,

ಹೆಣ್ಣು ಕೂಸು. ನಿನ್ನೆ ಹುಟ್ಟಿತು. ಇಬ್ಬರೂ ಚೆನ್ನಾಗಿದ್ದೇವೆ. ಹಾಸಿಗೆಯಲ್ಲೇ ಕುಳಿತು ಬರೆಯುತ್ತಿದ್ದೇನೆ, ಅವ್ವ ಬೈಯುತ್ತಿದ್ದಾಳೆ.

ಸಂಕ್ರಮಣದ ನಂತರ ಯಾರೂ ಬರಲಿಲ್ಲ. ಅತ್ತೆಯವರು ದಿನಾ ಬಾಗಿಲು ನೋಡಿ ಕೊನೆಗೆ, "ನಿಮ್ಮ ತವರಿನವ್ರು ಮಾತಿಗಿ ನಿಲ್ಲಾಂಗಿಲ್ಲ ಬಿಡು" ಎಂದು ಮುನಿಸಿಕೊಂಡರು. ಅವರು ಹಾಗೆ ಅಂದಾಗ ನಾನು ಒಳಗೆ ಹೋಗಿ ಅತ್ತುಬಿಟ್ಟೆ.

ಅವ್ವ ಎಲ್ಲ ಹೇಳಿದಳು. ಹೋದವರು ನೀವು ತಿರುಗಿ ಬರಲಿಲ್ಲವಂತೆ. ಬುತ್ತಿ ತೆಗೆದುಕೊಂಡು ಹೋದರೆ ಅಗಸಿಯ ಕಂಬದ ಈಚೆಗೇ ಇಡು ಎನ್ನುತ್ತೀರಂತೆ, ಒಳಗೆ ಬರಗೊಡುವುದಿಲ್ಲವಂತೆ. ಸಂಜೆ ಅಲ್ಲಿ ದೀಪ ಕಾಣುತ್ತದೆ ಎಂದು ಹುಣಸಗಿಯ ಬಸ್ಸಿನವರು ಹೇಳುತ್ತಾರಂತೆ. ಈ ಕಾಗದವನ್ನು ಅವ್ವನ ಕೈಯಲ್ಲೇ ಕಳಿಸುತ್ತಿದ್ದೇನೆ, ಕಂಬದ ಹತ್ತಿರ ಇಡುತ್ತಾಳೆ.

ಸಾಕು ಆಯಿ, ಮನೆಗೆ ಹೋಗಿರಿ. ನಕ್ಷೆಯಲ್ಲಿ ಈಗ ಯಾದಗಿರಿಗೆ ಒಂದೇ ಗೆರೆ ಇದೆ, ನೇರವಾದದ್ದು. ಕೂಸಿಗೆ ನಿಮ್ಮ ಹೆಸರನ್ನೇ ಇಡಬೇಕೆಂದಿದ್ದೇನೆ. ಪಂಚಮಿಗೆ ಕರೆತಂದು ನಿಮ್ಮ ಮಡಿಲಲ್ಲಿ ಹಾಕುತ್ತೇನೆ.

ನಿಮ್ಮ ದಾನಿ


ಅಗಸಿಹಾಳ
4 ಮಾರ್ಚ್ 2025

ದಾನೇಶ್ವರಿಗೆ,

ನಿನ್ನ ಕಾಗದವನ್ನು ಇಲ್ಲಿ ಗಟ್ಟಿಯಾಗಿ ಓದಿದೆ. ಕೂಸಿನ ಸುದ್ದಿ ಕೇಳಿ ನಮಗೆಲ್ಲ ಸಂತೋಷವಾಯಿತು. ಮೂಗು ಯಾರ ಹಾಗಿದೆ ಎಂದು ಕೇಳುತ್ತಿದ್ದಾರೆ, ಬರೆಯಬೇಡ.

ನನ್ನ ಹೆಸರು ಇಡಬೇಡ. ಈ ಮನೆತನದಲ್ಲಿ ಯಾರಿಗೂ ಇಲ್ಲದ ಒಂದು ಹೆಸರು ಹುಡುಕು.

ಇಲ್ಲಿ ಕೆಲಸ ಬಹಳ ಇದೆ. ಮಾಳಿಗೆಯ ಉಳಿದ ಅರ್ಧ ಹೊದಿಸುತ್ತಿದ್ದೇವೆ. ನಿಂಬೆವ್ವ ಒಳ್ಳೆಯವಳು, ಮಾತು ಕಡಿಮೆ. ಮೊದಲು ಹಟ ಹಿಡಿದಳು. ನಾನೂ ಹಿಡಿದೆ. ಈಗ ಇಬ್ಬರೂ ಒಂದೇ ಮಾತಿಗೆ ಬಂದಿದ್ದೇವೆ. ಯಾರ ಮಾತಿಗೆ ಯಾರು ಬಂದದ್ದು ಎಂದು ನೆನಪಾಗುವುದಿಲ್ಲ. ಕೂಡಿ ಇದ್ದರೆ ಹಾಗೇ.

ಇದನ್ನು ಅವರೆಲ್ಲ ಆಚೆ ಹೋದಾಗ ಬರೆಯುತ್ತಿದ್ದೇನೆ. ನನ್ನ ಕೈ ಇನ್ನೂ ನನ್ನದೇ ಇದೆ, ಅಕ್ಷರ ನೋಡಿದರೆ ನಿನಗೆ ಗೊತ್ತಾಗುತ್ತದೆ. ಮುಂದೆ ಹೇಗೋ ತಿಳಿಯದು. ಈ ಕಾಗದದ ಮಾತೇ ಕಡೆಯ ಮಾತು, ಇದರ ಮೇಲೆ ಇನ್ನೊಂದು ಬಂದರೆ ಒಡೆದು ಓದಬೇಡ.

ಶ್ರಾವಣದಲ್ಲಿ ತವರಿನಿಂದ ಕರೆ ಬರುತ್ತದೆ. ಆಗ ನಾನೇ ಬಂದು ನಿನ್ನ ಬಾಗಿಲಲ್ಲಿ ನಿಂತು, ನಿನ್ನ ಹೆಸರು ಹಿಡಿದು ಕೂಗಿ, ಕೂಸನ್ನು ಕೊಡು ಎಂದು ಕೈ ಚಾಚಿದರೂ, ಕೊಡಬೇಡ.

ಬಸವೇಶ್ವರಿ